ಪಾಲಕ್ ಏಳದ್ದಕ್ಕೆ ಕೈಗುಣ ಕಾರಣವಲ್ಲ

ಮಂಗಳೂರು, ಉಡುಪಿ ಕಡೆ ಮನೆ ಹಿತ್ತಲಲ್ಲಿ ಪಾಲಕ್ ಬಿತ್ತಿದವರ ದೂರು ಹೆಚ್ಚಾಗಿ ಒಂದೇ. ಮೊಳಕೆ ಚೆನ್ನಾಗಿ ಬಂತು, ನಾಲ್ಕು ಎಲೆಗೆ ನಿಂತುಬಿಟ್ಟಿತು, ಆಮೇಲೆ ಹಳದಿಯಾಯಿತು. ಅದಕ್ಕೆ ಕಾರಣಗಳೂ ರೆಡಿ ಇರುತ್ತವೆ: ಕೈಗುಣ ಸರಿಯಿಲ್ಲ, ಯಾರದ್ದೋ ದೃಷ್ಟಿ ಬಿತ್ತು. ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಒಂದು ಗಿಡ ಮೆಲ್ಲಗೆ ಕಿತ್ತು ನೋಡಿ. ಬೇರಿನ ತುದಿ ಮೊಂಡಾಗಿದೆಯೇ? ಕಂದು ಬಣ್ಣಕ್ಕೆ ತಿರುಗಿ, ಸಣ್ಣ ಕವಲುಗಳೇ ಇಲ್ಲವೇ? ಹಾಗಿದ್ದರೆ ಮೊದಲು ಅನುಮಾನಿಸಬೇಕಾದ್ದು ಅಲ್ಯುಮಿನಿಯಂ.

ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಅಕ್ಕಿ ತೊಳೆದ ಹಾಗೆ ಅದು ಎಷ್ಟೋ ಸಾವಿರ ವರ್ಷಗಳಿಂದ ನೆಲವನ್ನು ತೊಳೆಯುತ್ತಲೇ ಇದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ನೀರಿನ ಜೊತೆ ಹೋದವು. ಕಬ್ಬಿಣ, ಅಲ್ಯುಮಿನಿಯಂ ಉಳಿದವು. ನಮ್ಮ ಮುರಕಲ್ಲು, ಅಂದರೆ ಇಲ್ಲಿನ ತೂತುತೂತಾದ ಕೆಂಪು ಕಲ್ಲು, ಆದದ್ದೇ ಹೀಗೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಕಲ್ಲನ್ನು ಲ್ಯಾಟರೈಟ್ ಎಂದು ಕರೆದ. ಅವನ ಪ್ರವಾಸದ ಪುಸ್ತಕ 1807ರಲ್ಲಿ ಅಚ್ಚಾಯಿತು. ನೆಲದೊಳಗೆ ಮೆತ್ತಗಿರುವ ಈ ಕಲ್ಲು ಗಾಳಿಗೆ ಬಂದರೆ ಗಟ್ಟಿಯಾಗುವುದನ್ನು ಅವನು ಗಮನಿಸಿದ್ದ. ಮನೆ ಕಟ್ಟಲು ಭಾರೀ ಒಳ್ಳೆಯ ಕಲ್ಲು. ಪಾಲಕ್‌ಗೆ ಮಾತ್ರ ಈ ನೆಲ ಕಷ್ಟ.

ಮಣ್ಣಿನ ಪಿಎಚ್ 5.5ಕ್ಕಿಂತ ಇಳಿದರೆ, ಅಂದರೆ ಹುಳಿ ಹೆಚ್ಚಾದರೆ, ಅಲ್ಯುಮಿನಿಯಂ ಕರಗತೊಡಗುತ್ತದೆ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಪಿಎಚ್ ಒಂದು ಅಂಕ ಇಳಿದರೆ ಕರಗಿದ ಅಲ್ಯುಮಿನಿಯಂ ಅಯಾನು ಸಾವಿರ ಪಟ್ಟು ಏರುತ್ತದೆ! ಅದು ಹಿಡಿಯುವುದು ಬೇರಿನ ತುದಿಯನ್ನು, ಬೇರು ಉದ್ದವಾಗುವ ಆ ಕೆಲವೇ ಮಿಲಿಮೀಟರ್ ಜಾಗವನ್ನು. ಅಲ್ಲಿನ ಕೋಶಗಳ ಗೋಡೆಯಲ್ಲಿ ಕ್ಯಾಲ್ಸಿಯಂ ಇರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ಗೋಡೆ ಬಿಗಿಯಾಗುತ್ತದೆ, ಕೋಶ ಹಿಗ್ಗುವುದಿಲ್ಲ, ಬೇರು ಅಲ್ಲೇ ನಿಲ್ಲುತ್ತದೆ. ನೀವು ಎಷ್ಟೇ ಗೊಬ್ಬರ ಹಾಕಿ, ಅದನ್ನು ಹೀರಲು ಬೇರೇ ಇಲ್ಲ. ಎಲೆ ಹಳದಿಯಾಯಿತು ಅಂತ ಯೂರಿಯಾ ಸುರಿದರೆ ಮಣ್ಣು ಇನ್ನಷ್ಟು ಹುಳಿಯಾಗುತ್ತದೆ.

ನಮ್ಮ ಪೇಟೆಯ ಪಾಲಕ್ ಬೀಟ್‌ರೂಟಿನ ಹತ್ತಿರದ ಸಂಬಂಧಿ. ಇವುಗಳ ಕಾಡು ಮೂಲ ಯುರೋಪಿನ ಕಡಲ ದಂಡೆಯ ಗಿಡ. ಉಪ್ಪು ತಡೆಯುತ್ತದೆ, ಹುಳಿ ತಡೆಯುವುದಿಲ್ಲ.

ಪರಿಹಾರ ನಮ್ಮ ಹಿರಿಯರಿಗೆ ಗೊತ್ತಿತ್ತು. ತರಕಾರಿ ಸಾಲಿಗೆ ಸುಡುಮಣ್ಣು, ಬಚ್ಚಲೊಲೆಯ ಬೂದಿ ಹಾಕುತ್ತಿದ್ದರು. ಎರಡೂ ಹುಳಿ ಕಡಿಮೆ ಮಾಡುತ್ತವೆ. ಚಿಪ್ಪಿನ ಸುಣ್ಣ ಇನ್ನೂ ಒಳ್ಳೆಯದು. ಒಂದು ಚದರ ಮೀಟರ್‌ಗೆ ಸುಮಾರು 200 ಗ್ರಾಂ ನೀರೂಡಿದ ಸುಣ್ಣ ಮಣ್ಣಿಗೆ ಚೆನ್ನಾಗಿ ಬೆರೆಸಿ, ಎರಡು ಮೂರು ವಾರ ಬಿಡಿ. ಹಟ್ಟಿಗೊಬ್ಬರ ಆಮೇಲೆ ಹಾಕಿ. ಸುಣ್ಣದ ಜೊತೆಗೇ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ಮಳೆ ಬಿಟ್ಟ ಮೇಲೆ, ನವೆಂಬರ್ ಹೊತ್ತಿಗೆ ಬಿತ್ತಿ. ಬೀಜ ಹಿಂದಿನ ರಾತ್ರಿ ನೆನೆಯಲಿ. ಆ ಒರಟು ಗುಂಡು ಒಂದೇ ಬೀಜವಲ್ಲ, ಎರಡು ಮೂರು ಬೀಜಗಳ ಗೊಂಚಲು. ಹಾಗಾಗಿ ಒಂದೇ ಕಡೆ ಎರಡು ಮೂರು ಸಸಿ ಎದ್ದರೆ ಗಟ್ಟಿಯಾದದ್ದನ್ನು ಉಳಿಸಿ, ಮಿಕ್ಕಿದ್ದನ್ನು ಚಿವುಟಿ ತಂಬುಳಿಗೆ ಹಾಕಿ.