ಒಣಗಿದ ಕಣ್ಣಿಗೆ ಸರಿಯಾದ ವೈದ್ಯರು ಯಾರು?

ಮೂರು ವರ್ಷಗಳಿಂದ ಕಣ್ಣುರಿಯಿಂದ ಬಳಲುತ್ತಿದ್ದ 52 ವರ್ಷದ ಶಿಕ್ಷಕಿಯೊಬ್ಬರು ನನ್ನ ಮೇಜಿನ ಮೇಲೆ ಒಂದು ಕೈಚೀಲವನ್ನು ಬರಿದು ಮಾಡಿದರು. ಅದರಲ್ಲಿ ಕಣ್ಣಿಗೆ ಹಾಕುವ ಹನಿಯ 11 ಬಾಟಲಿಗಳಿದ್ದವು. "ಕಣ್ಣಾಗ ಉಸುಕು ಬಿದ್ದಂಗ ಆಗತೈತ್ರೀ ಡಾಕ್ಟ್ರೇ. ಗಾಳಿಗೆ ಹೋದ್ರ ದಳದಳ ನೀರು ಸುರೀತೈತಿ. ಇಷ್ಟು ನೀರು ಬರೂ ಕಣ್ಣು ಒಣಗೇತಿ ಅಂತ ಹೆಂಗ ಅಂತೀರಿ ನೀವೆಲ್ಲಾ?" ಎಂದು ಕೇಳಿದರು. ಬಾಟಲಿಗಳನ್ನು ಒಂದೊಂದಾಗಿ ಓದಿದಾಗ ಏಳರಲ್ಲಿ ಇದ್ದದ್ದು ಒಂದೇ ಔಷಧ, ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಎಂಬ ಕೃತಕ ಕಣ್ಣೀರು. ಕಂಪನಿಯ ಹೆಸರು ಮಾತ್ರ ಬೇರೆ ಬೇರೆ. ಉಳಿದವುಗಳಲ್ಲಿ ಎರಡು ಆ್ಯಂಟಿಬಯಾಟಿಕ್, ಎರಡು ಸ್ಟೀರಾಯ್ಡ್. ಐದು ಕಡೆ ತೋರಿಸಿದ್ದರೂ ಅವರ ರೆಪ್ಪೆಯನ್ನು ಒತ್ತಿ ನೋಡಿದವರು ಯಾರೂ ಇರಲಿಲ್ಲ.

ಅವರ ಪ್ರಶ್ನೆ ನ್ಯಾಯವಾದದ್ದು, ಉತ್ತರ ಕಣ್ಣೀರಿನ ರಚನೆಯಲ್ಲಿದೆ. ಕಣ್ಣಿನ ಮೇಲ್ಮೈಯನ್ನು ಸದಾ ಹೊದ್ದಿರುವ ತೆಳುವಾದ ಪೊರೆಯಲ್ಲಿ ನೀರಿನೊಂದಿಗೆ, ಆ ನೀರು ಕಣ್ಣಿಗೆ ಅಂಟಿಕೊಂಡಿರಲು ಬೇಕಾದ ಲೋಳೆ ಮತ್ತು ಅದು ಆವಿಯಾಗದಂತೆ ಮೇಲಿನಿಂದ ಮುಚ್ಚುವ ಎಣ್ಣೆ ಇರುತ್ತವೆ. ನೀರನ್ನು ಮುಖ್ಯವಾಗಿ ಕಣ್ಣೀರಿನ ಗ್ರಂಥಿ ಕೊಡುತ್ತದೆ. ಎಣ್ಣೆಯನ್ನು ಕೊಡುವುದು ರೆಪ್ಪೆಗಳೊಳಗೆ ಸಾಲಾಗಿ ನಿಂತಿರುವ ಮೈಬೋಮಿಯನ್ ಗ್ರಂಥಿಗಳು. ಎಣ್ಣೆ ಕಡಿಮೆಯಾದಾಗ ನೀರು ಬೇಗನೆ ಆರಿಹೋಗಿ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ನರಗಳು ಕೆರಳುತ್ತವೆ. ಆ ಕೆರಳಿಕೆಗೆ ಕಣ್ಣೀರಿನ ಗ್ರಂಥಿ ಒಮ್ಮೆಲೇ ನೀರು ಸುರಿಸುತ್ತದೆ. ಈರುಳ್ಳಿ ಹೆಚ್ಚಿದಾಗ ಬರುವಂಥ ಈ ನೀರು ಕೆನ್ನೆಗಿಳಿಯುತ್ತದೆಯೇ ಹೊರತು ಕಣ್ಣಿನ ಮೇಲೆ ನಿಲ್ಲುವುದಿಲ್ಲ. ಆದ್ದರಿಂದ ಸುರಿಯುವ ಕಣ್ಣೂ ಒಣಗಿರಬಹುದು.

ಆ ಶಿಕ್ಷಕಿಯ ಕಣ್ಣಿಗೆ ಫ್ಲೋರೆಸೀನ್ ಎಂಬ ಬಣ್ಣವನ್ನು ಸೋಕಿಸಿ, ಕಣ್ಣನ್ನು ಹಿಗ್ಗಿಸಿ ತೋರಿಸುವ ಸ್ಲಿಟ್ ಲ್ಯಾಂಪ್ ಯಂತ್ರದ ನೀಲಿ ಬೆಳಕಿನಲ್ಲಿ ರೆಪ್ಪೆ ಮಿಟುಕಿಸದೆ ಕೂರಲು ಹೇಳಿದೆ. ಹಸಿರಾಗಿ ಹೊಳೆಯುವ ಕಣ್ಣೀರಿನ ಪೊರೆ 10 ಸೆಕೆಂಡಾದರೂ ಒಡೆಯದೆ ನಿಲ್ಲಬೇಕು. ಅವರದು ಮೂರನೆಯ ಸೆಕೆಂಡಿಗೇ ಒಡೆದು ಕಪ್ಪು ಚುಕ್ಕೆಗಳು ಮೂಡಿದವು. ಸ್ವಲ್ಪ ಹೊತ್ತು ಬಿಟ್ಟು, ಕೆಳರೆಪ್ಪೆಯ ಹೊರತುದಿಯ ಕಡೆಗೆ ಕಣ್ಣೀರಿನ ಪ್ರಮಾಣ ಅಳೆಯುವ ಶರ್ಮರ್ ಪರೀಕ್ಷೆಯ ಸೋಸುಕಾಗದದ ಪಟ್ಟಿಯನ್ನು ಸಿಕ್ಕಿಸಿ ಐದು ನಿಮಿಷ ಬಿಟ್ಟಾಗ ಅದು 14 ಮಿಲಿಮೀಟರ್ ಒದ್ದೆಯಾಯಿತು. 10ಕ್ಕಿಂತ ಹೆಚ್ಚಿದ್ದುದರಿಂದ ನೀರಿನ ಕೊರತೆ ಅವರಿಗಿಲ್ಲವೆಂದಾಯಿತು. ಕೊನೆಗೆ ಕೆಳರೆಪ್ಪೆಯ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿದೆ. ಆರೋಗ್ಯವಂತ ಗ್ರಂಥಿಯಿಂದ ಈಗಷ್ಟೇ ಕಾಯಿಸಿದ ತುಪ್ಪದಂಥ ತಿಳಿ ಎಣ್ಣೆ ಹೊಮ್ಮಬೇಕು. ಇಲ್ಲಿ ಬಂದದ್ದು ಟೂತ್‌ಪೇಸ್ಟಿನಂಥ ಬಿಳಿ ಎಳೆಗಳು. ಚಳಿಗಾಲದಲ್ಲಿ ಡಬ್ಬಿಯ ತುಪ್ಪ ಹೆಪ್ಪುಗಟ್ಟುವಂತೆ ಅವರ ರೆಪ್ಪೆಯ ಎಣ್ಣೆ ಗ್ರಂಥಿಯೊಳಗೇ ಗಟ್ಟಿಯಾಗಿ ಕುಳಿತಿತ್ತು. ದೀರ್ಘಕಾಲದ ಒಣಗಣ್ಣಿನಲ್ಲಿ ಅತಿ ಸಾಮಾನ್ಯವಾದದ್ದು ಈ ಬಗೆಯೇ, ಮತ್ತು ಅತಿ ಹೆಚ್ಚು ಕಣ್ತಪ್ಪಿಹೋಗುವುದೂ ಇದೇ.

ಹೆಪ್ಪುಗಟ್ಟಿದ ತುಪ್ಪಕ್ಕೆ ಬೇಕಾದದ್ದು ಬಿಸಿ. ಶುಚಿಯಾದ ಬಟ್ಟೆಯನ್ನು ಚರ್ಮ ಹಿತವಾಗಿ ತಾಳುವಷ್ಟು ಬಿಸಿನೀರಿನಲ್ಲಿ ಅದ್ದಿ, ಮುಚ್ಚಿದ ರೆಪ್ಪೆಗಳ ಮೇಲೆ 10 ನಿಮಿಷ ಇಡಬೇಕು. ಬಟ್ಟೆ ಒಂದೆರಡು ನಿಮಿಷದಲ್ಲೇ ಆರುವುದರಿಂದ ಮತ್ತೆ ಮತ್ತೆ ಅದ್ದಬೇಕು. ಆಮೇಲೆ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳರೆಪ್ಪೆಯನ್ನು ಮೇಲ್ಮುಖವಾಗಿ, ರೆಪ್ಪೆಗೂದಲಿನ ಕಡೆಗೆ ಹಗುರವಾಗಿ ನೀವಬೇಕು. ದಿನಕ್ಕೆರಡು ಬಾರಿಯಂತೆ ವಾರಗಟ್ಟಲೆ ಮಾಡಬೇಕಾದ ಈ ಕೆಲಸವನ್ನು ಹನಿಯ ಬಾಟಲಿಯಷ್ಟು ಗಂಭೀರವಾಗಿ ಯಾರೂ ತೆಗೆದುಕೊಳ್ಳುವುದಿಲ್ಲ. ನಾವು ವೈದ್ಯರೂ ಅದನ್ನು ಮಾಡಿ ತೋರಿಸದೆ ಒಂದು ಸಾಲಿನಲ್ಲಿ ಬರೆದು ಕಳುಹಿಸುತ್ತೇವೆ. ಈ ತಪ್ಪನ್ನು ನಾನೂ ಅನೇಕ ವರ್ಷ ಮಾಡಿದ್ದೇನೆ.

ನೀರೇ ಕಡಿಮೆಯಾಗುವ ಬಗೆ ಬೇರೆ. ಹೊಲದ ಕೆಲಸ ಮಾಡುವ, 45ರ ಆಸುಪಾಸಿನ ಒಬ್ಬ ಹೆಣ್ಣುಮಗಳ ಸೋಸುಕಾಗದ ಒದ್ದೆಯಾದದ್ದು ಎರಡೇ ಮಿಲಿಮೀಟರ್. ಊಟ ಹೇಗೆ ಸೇರುತ್ತದೆ ಎಂದು ಕೇಳಿದಾಗ ರೊಟ್ಟಿಯ ಪ್ರತಿ ತುತ್ತಿಗೂ ನೀರು ಬೇಕೆಂದರು. ಹಲ್ಲುಗಳು ಒಂದರ ಹಿಂದೊಂದು ಹುಳುಕಾಗುತ್ತಿದ್ದವು. ಬೆಳಗ್ಗೆ ಎದ್ದಾಗ ಬೆರಳಿನ ಗೆಣ್ಣುಗಳು ಬಿಗಿಯುತ್ತಿದ್ದವು. ಈ ಮೂರನ್ನೂ ಅವರು ಮೂರು ಬೇರೆ ಬೇರೆ ವೈದ್ಯರಿಗೆ ಹೇಳಿಕೊಂಡಿದ್ದರು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕಣ್ಣೀರಿನ ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆ ತಿರುಗಿಬೀಳುವ ಈ ಕಾಯಿಲೆಗೆ, 1933ರಲ್ಲಿ ಅದನ್ನು ತಮ್ಮ ಪ್ರಬಂಧದಲ್ಲಿ ವಿವರಿಸಿದ ಸ್ವೀಡನ್ನಿನ ನೇತ್ರವೈದ್ಯ ಹೆನ್ರಿಕ್ ಶೋಗ್ರೆನ್ ಅವರ ಹೆಸರೇ ನಿಂತಿದೆ. ಇದು ಕಣ್ಣಿಗಷ್ಟೇ ಸೀಮಿತವಲ್ಲ. ಶ್ವಾಸಕೋಶಕ್ಕೂ ನರಗಳಿಗೂ ತಾಗಬಹುದು, ದುಗ್ಧಗ್ರಂಥಿಗಳ (ಲಿಂಫ್ ಗ್ರಂಥಿಗಳ) ಕ್ಯಾನ್ಸರಿನ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ. ಆದ್ದರಿಂದ ಇಂಥವರಿಗೆ ಸರಿಯಾದ ಡಾಕ್ಟರು ಒಬ್ಬರಲ್ಲ, ಇಬ್ಬರು: ಕಣ್ಣಿನ ವೈದ್ಯರ ಜೊತೆಗೆ ರೂಮಟಾಲಜಿಸ್ಟ್, ಅಂದರೆ ಸಂಧಿವಾತ ಮತ್ತು ಇಂಥ ಸ್ವಯಂನಿರೋಧಕ ಕಾಯಿಲೆಗಳನ್ನು ನೋಡುವ ತಜ್ಞರು. ಬಾಯಿ ಒಣಗುತ್ತದೆಯೇ ಎಂಬ ಒಂದು ಪ್ರಶ್ನೆ ಆಕೆಯ ಐದಾರು ವರ್ಷಗಳನ್ನು ಉಳಿಸಬಹುದಿತ್ತು.

ಹಾಗಾದರೆ ಮೊದಲು ಎಲ್ಲಿಗೆ ಹೋಗಬೇಕು? ಕನ್ನಡಕದ ಅಂಗಡಿಗಲ್ಲ. ಆಪ್ಟೊಮೆಟ್ರಿಸ್ಟರು ನಂಬರ್ ನೋಡುವುದರಲ್ಲಿ ಪರಿಣತರು, ಒಣಗಣ್ಣಿನ ಸುಳಿವನ್ನೂ ಗುರುತಿಸಬಲ್ಲರು. ಆದರೆ ಕಾರಣ ಹುಡುಕಿ ಔಷಧ ಕೊಡಬೇಕಾದವರು ನೇತ್ರವೈದ್ಯರು. ನಿಮ್ಮ ತಾಲ್ಲೂಕು ಅಥವಾ ಜಿಲ್ಲೆಯ ಸಾಮಾನ್ಯ ನೇತ್ರವೈದ್ಯರೇ ಹೆಚ್ಚಿನವರಿಗೆ ಸಾಕು. ರೆಪ್ಪೆಯ ಗ್ರಂಥಿಗಳ ಚಿತ್ರ ತೆಗೆಯುವ ದುಬಾರಿ ಯಂತ್ರಗಳು ಉಪಯುಕ್ತವೇ, ಆದರೆ ಅವಿಲ್ಲವೆಂದು ಯಾರನ್ನೂ ತಳ್ಳಿಹಾಕಬೇಡಿ. ಒಂದು ಬಣ್ಣದ ಪಟ್ಟಿ, ಒಂದು ಸೋಸುಕಾಗದ, ಒಂದು ಸ್ಲಿಟ್ ಲ್ಯಾಂಪ್ ಮತ್ತು ಕೇಳುವ ವ್ಯವಧಾನ ಇದ್ದರೆ ಬಹುಪಾಲು ರೋಗನಿರ್ಣಯ ಆಗುತ್ತದೆ. ಅಲರ್ಜಿಗೆ, ಖಿನ್ನತೆಗೆ, ಮೊಡವೆಗೆ ಯಾವ ಮಾತ್ರೆ ನುಂಗುತ್ತಿದ್ದೀರಿ, ಮುಟ್ಟು ನಿಂತಿದೆಯೇ, ಕಣ್ಣಿಗೆ ಲೇಸರ್ ಅಥವಾ ಪೊರೆಯ ಶಸ್ತ್ರಚಿಕಿತ್ಸೆ ಆಗಿದೆಯೇ, ದಿನಕ್ಕೆ ಎಷ್ಟು ಹೊತ್ತು ಪರದೆ ನೋಡುತ್ತೀರಿ, ಮಲಗಿದಾಗ ರೆಪ್ಪೆ ಪೂರ್ತಿ ಮುಚ್ಚುತ್ತದೆಯೇ ಎಂದೆಲ್ಲ ವಿಚಾರಿಸುವವರ ಬಳಿ ನಿಲ್ಲಿ.

ಮೂರು ತಿಂಗಳ ಕ್ರಮಬದ್ಧ ಚಿಕಿತ್ಸೆಗೂ ಜಗ್ಗದಿದ್ದರೆ, ಕಾರ್ನಿಯಾ ಗಾಯಗೊಂಡಿದ್ದರೆ ಅಥವಾ ದೃಷ್ಟಿ ಮಂದವಾಗುತ್ತಿದ್ದರೆ ಕಾರ್ನಿಯಾ ತಜ್ಞರನ್ನು ಕಾಣಬೇಕು. ಬೆಂಗಳೂರಿನ ಮಿಂಟೋ ಸರ್ಕಾರಿ ಕಣ್ಣಿನ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗಳಲ್ಲಿ ಅವರು ಸಿಗುತ್ತಾರೆ. ಮಾತ್ರೆಯ ವಿಪರೀತ ಪ್ರತಿಕ್ರಿಯೆಯಿಂದ ಮೈಯ ಚರ್ಮವೇ ಸುಲಿದುಹೋಗುವ ಸ್ಟೀವನ್ಸ್ ಜಾನ್ಸನ್ ಕಾಯಿಲೆಯಲ್ಲಿ ಬದುಕುಳಿದವರ ಕಣ್ಣು ಅತಿ ತೀವ್ರವಾಗಿ ಒಣಗುತ್ತದೆ. ಅಂಥವರಿಗೆ ಕಣ್ಣಿನ ಮೇಲೆ ದ್ರವದ ಕೊಳವನ್ನೇ ಹಿಡಿದಿಡುವ ಸ್ಕ್ಲೀರಲ್ ಲೆನ್ಸ್ ಬೇಕಾಗುತ್ತದೆ. ರಾಯಚೂರು, ಕಲಬುರಗಿ, ಬೀದರ್ ಕಡೆಯವರಿಗೆ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ ಇದಕ್ಕೆ ಹತ್ತಿರದ ಒಳ್ಳೆಯ ಜಾಗ.

ಇನ್ನೊಂದು ಬಗೆಯ ರೋಗಿಗಳ ಬಗ್ಗೆ ಹೇಳಲೇಬೇಕು. ಅವರಿಗೆ ವಿಪರೀತ ನೋವು, ಆದರೆ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣುವುದಿಲ್ಲ. ಮರಗಟ್ಟಿಸುವ ಹನಿ ಹಾಕಿದ ಮೇಲೂ ನೋವು ಹೋಗದಿದ್ದರೆ ದೋಷ ಕಣ್ಣೀರಿನದಲ್ಲದೆ ನೋವನ್ನು ಒಯ್ಯುವ ನರಮಾರ್ಗದ್ದಿರಬಹುದು, ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ. "ಎಲ್ಲಾ ನಿಮ್ಮ ಮನಸ್ಸಿನದು" ಎಂದು ಕಳುಹಿಸುವ ವೈದ್ಯರ ಬಳಿ ಎರಡನೆಯ ಸಲ ಹೋಗುವ ಅಗತ್ಯವಿಲ್ಲ.

ಹನಿಗಳ ವಿಷಯದಲ್ಲಿ ಎರಡು ಎಚ್ಚರಿಕೆ ಸಾಕು. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬಾರಿ ಹಾಕಬೇಕಾದರೆ ಸಂರಕ್ಷಕ ರಾಸಾಯನಿಕವಿಲ್ಲದ ಹನಿಯನ್ನೇ ಕೇಳಿ ಪಡೆಯಿರಿ. ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕವೇ ಕಣ್ಣಿನ ಮೇಲ್ಮೈಯನ್ನು ಕೆಡಿಸಬಲ್ಲದು. ಎರಡನೆಯದು ಸ್ಟೀರಾಯ್ಡ್. ಉರಿಯೂತ ತಗ್ಗಿಸಲು ಕೆಲವು ವಾರ ನಾವೇ ಬರೆಯುತ್ತೇವೆ, ಆದರೆ ಹಳೆಯ ಚೀಟಿ ತೋರಿಸಿ ಔಷಧದಂಗಡಿಯಲ್ಲಿ ಮತ್ತೆ ಮತ್ತೆ ಕೊಂಡು ಹಾಕಿಕೊಂಡರೆ ಕಣ್ಣಿನೊಳಗಿನ ಒತ್ತಡ ಸದ್ದಿಲ್ಲದೆ ಏರಿ ದೃಷ್ಟಿನರ ಸಾಯಬಹುದು. ಹೋದ ಆ ದೃಷ್ಟಿ ಮರಳುವುದಿಲ್ಲ. ದೀರ್ಘಕಾಲಕ್ಕೆ ಕೊಡುವ ಸೈಕ್ಲೋಸ್ಪೋರಿನ್ ಹನಿ ಇದಕ್ಕೆ ವಿರುದ್ಧ ಸ್ವಭಾವದ್ದು. ಮೊದಲಿಗೆ ಉರಿಸುತ್ತದೆ, ಪರಿಣಾಮ ಕಾಣಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಮೂರನೆಯ ವಾರಕ್ಕೇ ಬೇಸತ್ತು ವೈದ್ಯರನ್ನು ಬದಲಿಸುವವರು ಪ್ರತಿ ಬಾರಿಯೂ ಮೊದಲ ಮೆಟ್ಟಿಲಿಗೇ ಮರಳುತ್ತಾರೆ. ನಂದಿಬಟ್ಟಲು ಹೂವನ್ನು ಮುಚ್ಚಿದ ಕಣ್ಣಿನ ಮೇಲೆ ತಂಪಿಗಾಗಿ ಇಟ್ಟುಕೊಳ್ಳುವುದಕ್ಕೆ ನನ್ನ ತಕರಾರಿಲ್ಲ, ರಸ ಹಿಂಡಿ ಕಣ್ಣಿಗೆ ಬಿಡುವುದು ಮಾತ್ರ ಬೇಡ. ಒಣಗಿದ ಕಾರ್ನಿಯಾ ಸೋಂಕಿಗೆ ಬೇಗನೆ ತುತ್ತಾಗುತ್ತದೆ.

ಹೊಸ ವೈದ್ಯರಲ್ಲಿಗೆ ಹೋಗುವ ದಿನ ಮನೆಯಲ್ಲಿರುವ ಎಲ್ಲ ಹನಿಗಳನ್ನೂ, ನುಂಗುವ ಮಾತ್ರೆಗಳನ್ನೂ, ಹಳೆಯ ಚೀಟಿಗಳನ್ನೂ ಆ ಶಿಕ್ಷಕಿಯಂತೆಯೇ ಚೀಲದಲ್ಲಿ ತುಂಬಿಕೊಂಡು ಹೋಗಿ. ಪರೀಕ್ಷೆಗೆ ಎರಡು ಗಂಟೆ ಮುಂಚಿನಿಂದ ಕೃತಕ ಕಣ್ಣೀರಿನ ಹನಿ ಹಾಕಿಕೊಳ್ಳಬೇಡಿ, ಇಲ್ಲದಿದ್ದರೆ ನಾವು ಅಳೆಯುವುದು ನಿಮ್ಮ ಕಣ್ಣೀರನ್ನಲ್ಲ, ಬಾಟಲಿಯ ನೀರನ್ನು. ಕಾಡಿಗೆಯನ್ನೂ ಅಂದು ಹಚ್ಚಬೇಡಿ. ರೆಪ್ಪೆಯಂಚಿನಲ್ಲಿ ಸೂಜಿಮೊನೆಯಷ್ಟೇ ಇರುವ ಎಣ್ಣೆಗ್ರಂಥಿಗಳ ಬಾಯಿ ಅದರಡಿ ಮುಚ್ಚಿಹೋದರೆ ಯಾವ ವೈದ್ಯರಿಗೂ ಕಾಣಿಸುವುದಿಲ್ಲ.