ಷಿಕಾಗೊದ ಮೆದು ನೆಲವೂ ಅದರ ಮೇಲೆ ಕಟ್ಟಿದ ವಾಸ್ತುಶಿಲ್ಪಿಗಳೂ

ಅಮೆರಿಕದ ಬಹುಮಹಡಿ ಕಟ್ಟಡಗಳ ಚರಿತ್ರೆಯನ್ನು ಬರೆಯುವವರು ಬಹುಪಾಲು 1871ರ ಅಕ್ಟೋಬರ್‌ನಲ್ಲಿ ಷಿಕಾಗೊ ನಗರವನ್ನು ಸುಟ್ಟ ಬೆಂಕಿಯಿಂದ ಆರಂಭಿಸಿ, ಲಿಫ್ಟು ಮತ್ತು ಉಕ್ಕಿನ ಚೌಕಟ್ಟುಗಳನ್ನು ದಾಟಿ, ನೇರವಾಗಿ ಮುಂಗೋಡೆಯ ಅಲಂಕಾರಕ್ಕೆ ಬಂದುಬಿಡುತ್ತಾರೆ. ತಳಪಾಯಗಳನ್ನು ವಿನ್ಯಾಸ ಮಾಡುವುದೇ ವೃತ್ತಿಯಾಗಿರುವ ನನಗೆ ಈ ಕಥನದಲ್ಲಿ ನೆಲವೇ ಬಿಟ್ಟುಹೋಗಿದೆ ಎನಿಸುತ್ತದೆ. ಆ ನಗರದ ವಾಸ್ತುಶಿಲ್ಪಿಗಳ ನಿಜವಾದ ಹೋರಾಟ ನಡೆದದ್ದು ಆಕಾಶದೊಂದಿಗಲ್ಲ, ಕಾಲ ಕೆಳಗಿನ ಜೇಡಿಮಣ್ಣಿನೊಂದಿಗೆ.

ಮಿಷಿಗನ್ ಸರೋವರದ ದಂಡೆಯಲ್ಲಿರುವ ಆ ನಗರದ ವ್ಯಾಪಾರ ಕೇಂದ್ರದಲ್ಲಿ ಬಂಡೆ ಸಿಗಬೇಕಾದರೆ ಸುಮಾರು 100 ಅಡಿ ಇಳಿಯಬೇಕು. ಮೇಲೆ ತೆಳುವಾದ ಒಂದು ಗಟ್ಟಿ ಪದರವಿದೆ. ಅದರ ಕೆಳಗಿರುವುದು ನೀರು ತುಂಬಿದ ಮೆದು ಜೇಡಿ. ನಮ್ಮ ಉತ್ತರ ಕರ್ನಾಟಕದ ಎರೆಮಣ್ಣು ಮಳೆಗೆ ಹಿಗ್ಗಿ, ಬೇಸಿಗೆಗೆ ಕುಗ್ಗಿ ಗೋಡೆಗಳನ್ನು ಸೀಳುತ್ತದೆ. ಷಿಕಾಗೊದ ಜೇಡಿಯ ಗುಣ ಬೇರೆ. ಮೇಲೆ ಭಾರ ಬಿದ್ದಾಗ ಅದರ ಕಣಗಳ ನಡುವಿನ ನೀರು ಅತ್ಯಂತ ನಿಧಾನವಾಗಿ ಹಿಂಡಿಹೋಗುತ್ತದೆ, ಆ ಪ್ರಮಾಣದಲ್ಲಿ ಕಟ್ಟಡ ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. ಈ ಕ್ರಿಯೆಯನ್ನು ಲೆಕ್ಕಕ್ಕೆ ತಂದ ಕಾರ್ಲ್ ಟೆರ್ಜಾಘಿಯ ಸಿದ್ಧಾಂತ ಪುಸ್ತಕರೂಪದಲ್ಲಿ ಬಂದದ್ದು 1925ರಲ್ಲಿ. ಅದಕ್ಕೆ ನಾಲ್ಕು ದಶಕಗಳ ಹಿಂದೆಯೇ ಹತ್ತು, ಹದಿನಾರು ಮಹಡಿಗಳನ್ನು ಎಬ್ಬಿಸಿದವರು ಅನುಭವವನ್ನೂ ಸೂಕ್ಷ್ಮ ಗಮನಿಕೆಯನ್ನೂ ಮಾತ್ರ ನಂಬಿಕೊಂಡಿದ್ದರು.

ಜರ್ಮನಿಯಿಂದ ವಲಸೆ ಬಂದಿದ್ದ ವಾಸ್ತುಶಿಲ್ಪಿ ಫ್ರೆಡರಿಕ್ ಬೌಮನ್ 1873ರಲ್ಲಿ ಪ್ರಕಟಿಸಿದ ಕಿರುಹೊತ್ತಗೆಯಲ್ಲಿ ಮೊದಲ ದಾರಿ ಕಾಣಿಸಿತು. ಕಟ್ಟಡದಡಿ ಒಂದೇ ಅಖಂಡ ಪಾಯ ಹಾಕುವ ಬದಲು ಪ್ರತಿ ಕಂಬಕ್ಕೂ ಪ್ರತ್ಯೇಕ ಪಾಯ ಕೊಟ್ಟು, ಪಾಯದ ವಿಸ್ತೀರ್ಣವನ್ನು ಅದು ಹೊರುವ ಭಾರಕ್ಕೆ ತಕ್ಕಂತೆ ನಿಗದಿ ಮಾಡಿದರೆ ಮಣ್ಣಿನ ಮೇಲಿನ ಒತ್ತಡ ಎಲ್ಲೆಡೆ ಒಂದೇ ಆಗಿರುತ್ತದೆ, ಆಗ ಕಟ್ಟಡ ಕುಸಿದರೂ ಸಮನಾಗಿ ಕುಸಿಯುತ್ತದೆ ಎಂಬುದು ಅವರ ವಾದ. ಕುಸಿತವನ್ನು ತಡೆಯಲಾಗದು, ಆದರೆ ಅದರಲ್ಲಿ ಏರುಪೇರಾಗದಂತೆ ನೋಡಿಕೊಳ್ಳಬಹುದು ಎಂಬ ಈ ವಿವೇಕ ಇಂದಿಗೂ ನಮ್ಮ ಕೆಲಸದ ಮೂಲತತ್ತ್ವ. ಗೋಡೆಯನ್ನು ಬಿರಿಯಿಸುವುದು ಹೆಚ್ಚಾಗಿ ಎರಡು ಪಾಯಗಳ ಕುಸಿತದ ನಡುವಿನ ವ್ಯತ್ಯಾಸವೇ ಹೊರತು ಕುಸಿತದ ಒಟ್ಟು ಮೊತ್ತವಲ್ಲ.

ಬೌಮನ್ ಕ್ರಮದಲ್ಲಿ ಪಾಯಗಳು ಪಿರಮಿಡ್ಡಿನಾಕಾರದ ಕಲ್ಲಿನ ರಾಶಿಗಳಾಗಿ ನೆಲಮಾಳಿಗೆಯನ್ನೆಲ್ಲ ನುಂಗುತ್ತಿದ್ದವು. ಬಾಯ್ಲರುಗಳಿಗೂ ಯಂತ್ರಗಳಿಗೂ ಅಲ್ಲಿ ಜಾಗ ಬೇಕಾಗಿತ್ತು. ಜಾನ್ ವೆಲ್‌ಬಾರ್ನ್ ರೂಟ್ ಅದಕ್ಕೆ ಪರಿಹಾರ ಕಂಡುಕೊಂಡರು. ಡೇನಿಯಲ್ ಬರ್ನ್‌ಹ್ಯಾಮ್ ಅವರ ಪಾಲುದಾರರಾಗಿದ್ದ ರೂಟ್, ಹತ್ತು ಮಹಡಿಯ ಮಾಂಟಾಕ್ ಕಟ್ಟಡಕ್ಕೆ ರೈಲು ಹಳಿಗಳನ್ನು ಅಡ್ಡಡ್ಡ ಉದ್ದುದ್ದ ಪದರಗಳಲ್ಲಿ ಜೋಡಿಸಿ ಕಾಂಕ್ರೀಟಿನಲ್ಲಿ ಹುದುಗಿಸಿದರು. ಬಾಗುವ ಬಲವನ್ನು ಕಬ್ಬಿಣ ತಾಳಿಕೊಂಡಿದ್ದರಿಂದ ಪಾಯ ತೆಳುವಾಗಿಯೂ ಅಗಲವಾಗಿಯೂ ಹರಡಿತು, ನೆಲಮಾಳಿಗೆ ಬಿಡುವಾಯಿತು.

ರೂಟ್ ಅವರ ಮೊನಾಡ್ನಾಕ್ ಕಟ್ಟಡ ಇಂದಿಗೂ ನಿಂತಿದೆ. 1891ರಲ್ಲಿ ಮುಗಿದ ಅದರ ಉತ್ತರ ಭಾಗದಲ್ಲಿ 16 ಮಹಡಿಗಳ ಭಾರವನ್ನು ಹೊತ್ತಿರುವುದು ಹೊರಗಿನ ಇಟ್ಟಿಗೆ ಗೋಡೆಗಳು. ಬುಡದಲ್ಲಿ ಅವುಗಳ ದಪ್ಪ 6 ಅಡಿ. ಎಂಟು ಅಂಗುಲ ಕುಸಿದೀತೆಂದು ಅಂದಾಜು ಮಾಡಿಯೇ ಕಟ್ಟಿದ್ದರು, ಆದರೆ ದಶಕಗಳು ಕಳೆಯುವಷ್ಟರಲ್ಲಿ ಕುಸಿತ 20 ಅಂಗುಲಕ್ಕೆ ಮುಟ್ಟಿತು. ಕೆಲಸ ಮುಗಿದದ್ದನ್ನು ರೂಟ್ ನೋಡಲಿಲ್ಲ. 1891ರ ಜನವರಿಯಲ್ಲಿ, 41ನೆಯ ವಯಸ್ಸಿಗೆ, ಅವರು ನ್ಯುಮೋನಿಯಾದಿಂದ ತೀರಿಕೊಂಡರು. ಅವರು ಇನ್ನಿಪ್ಪತ್ತು ವರ್ಷ ಬದುಕಿದ್ದರೆ ಅಮೆರಿಕದ ನಗರಗಳ ಚಹರೆ ಬೇರೆಯೇ ಆಗಿರುತ್ತಿತ್ತು ಎಂದು ನಾನು ನಂಬಿದ್ದೇನೆ.

ಆದರೂ ಈ ಪರಂಪರೆಯಲ್ಲಿ ನಾನು ಎಲ್ಲರಿಗಿಂತ ಹೆಚ್ಚು ಗೌರವಿಸುವವರು ಡಾಂಕ್ಮಾರ್ ಆಡ್ಲರ್. 1844ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಯೆಹೂದಿ ಧರ್ಮಗುರುವಾಗಿದ್ದ ತಂದೆಯ ಜೊತೆ ಬಾಲ್ಯದಲ್ಲೇ ಅಮೆರಿಕಕ್ಕೆ ಬಂದ ಅವರು ಅಂತರ್ಯುದ್ಧದಲ್ಲಿ ಫಿರಂಗಿ ದಳದ ಸೈನಿಕರಾಗಿದ್ದರು, ಯುದ್ಧದ ಕೊನೆಯ ಅವಧಿಯಲ್ಲಿ ಸೈನ್ಯಕ್ಕಾಗಿ ನಕ್ಷೆ ಬರೆದರು. ಅವರ ಪಾಲುದಾರ ಲೂಯಿ ಸಲಿವನ್ ಅವರ ಹೆಸರನ್ನು ವಾಸ್ತುಶಿಲ್ಪದ ಪ್ರತಿ ವಿದ್ಯಾರ್ಥಿಯೂ ಬಲ್ಲ. ಆಡ್ಲರ್ ಹೆಸರು ಆ ಹೆಸರಿನ ಬಾಲವಾಗಿ ಮಾತ್ರ ಉಳಿದಿದೆ. ಇದು ಅನ್ಯಾಯ. 1889ರಲ್ಲಿ ಮುಗಿದ ಆಡಿಟೋರಿಯಂ ಕಟ್ಟಡವನ್ನೇ ನೋಡಿ. 4,000ಕ್ಕೂ ಹೆಚ್ಚು ಆಸನಗಳ ರಂಗಮಂದಿರ, ಅದನ್ನು ಸುತ್ತುವರಿದ ಹೋಟೆಲು ಮತ್ತು ಕಚೇರಿಗಳು, ಒಂದು ಬದಿಯಲ್ಲಿ 17 ಮಹಡಿಯ ಗೋಪುರ. ಗೋಪುರದ ಭಾರ ಹೆಚ್ಚು, ಪಕ್ಕದ ಗೋಡೆಗಳ ಭಾರ ಕಡಿಮೆ. ಗೋಡೆಗಳು ಮೊದಲು ಪೂರ್ತಿಯಾಗಿ, ಆಮೇಲೆ ಗೋಪುರ ಮೇಲೆದ್ದರೆ, ಅದು ತಡವಾಗಿ ಕುಸಿಯುತ್ತ ಗೋಡೆಗಳನ್ನು ತನ್ನೊಡನೆ ಎಳೆದುಕೊಂಡು ಸೀಳುತ್ತದೆ. ಆದ್ದರಿಂದ ಆಡ್ಲರ್ ಗೋಪುರದ ಪಾಯದ ಮೇಲೆ ಬೀಡು ಕಬ್ಬಿಣದ ಗಟ್ಟಿಗಳನ್ನೂ ಇಟ್ಟಿಗೆಗಳನ್ನೂ ಪೇರಿಸಿದರು. ಇನ್ನೂ ಕಟ್ಟದ ಮಹಡಿಗಳ ಭಾರವನ್ನು ನೆಲಕ್ಕೆ ಮುಂಗಡವಾಗಿ ಉಣಿಸಿ, ಗೋಪುರ ಏರಿದಂತೆ ಆ ಹೇರನ್ನು ಇಳಿಸುತ್ತ ಹೋದರು. ಭಾರ ಹೇರಿ ಮೆದು ಮಣ್ಣನ್ನು ಮೊದಲೇ ಕುಸಿಯಿಸುವ ಕ್ರಮವನ್ನು ನಾವು ಇಂದೂ ಬಳಸುತ್ತೇವೆ.

ಗೋಪುರದ ಮಟ್ಟಿಗೆ ಉಪಾಯ ಫಲಿಸಿತು. ತೊಂದರೆ ಬಂದದ್ದು ಹೊರಗೋಡೆಗಳಿಂದ. ಮೊದಲು ಹಗುರವಾದ ಇಟ್ಟಿಗೆ ಮತ್ತು ಟೆರಾಕೋಟಾ ಎಂದು ಲೆಕ್ಕ ಹಾಕಲಾಗಿತ್ತು. ಆಮೇಲೆ ಭಾರವಾದ ಕಲ್ಲೇ ಆಗಲಿ ಎಂಬ ತೀರ್ಮಾನವಾಯಿತು. ಪಾಯದ ವಿಸ್ತೀರ್ಣ ಮಾತ್ರ ಹಗುರ ಗೋಡೆಯ ಲೆಕ್ಕದ್ದೇ ಆಗಿತ್ತು. ಗೋಡೆಗಳು ಕೆಲವೆಡೆ ಎರಡು ಅಡಿಗೂ ಹೆಚ್ಚು ಕುಸಿದವು, ರಂಗಮಂದಿರದ ಮೊಗಸಾಲೆಯ ನೆಲ ಕಣ್ಣಿಗೆ ಕಾಣುವಷ್ಟು ಇಳಿಜಾರಾಯಿತು. ಪಾಯ ಹಾಕಿದ ಮೇಲೆ ಇನ್ನೊಂದು ಮಹಡಿ ಬೇಕು, ಗೋಡೆಗೆ ಕಲ್ಲು ಹೊದಿಸಬೇಕು ಎಂದು ಬರುವ ಮನೆಯೊಡೆಯರಿಗೆ ನಾನು ತಪ್ಪದೆ ಈ ಕಟ್ಟಡದ ಕಥೆ ಹೇಳುತ್ತೇನೆ.

ಆಡ್ಲರ್ ಅಲ್ಲಿಗೆ ನಿಲ್ಲಲಿಲ್ಲ. 1894ರ ಷಿಕಾಗೊ ಷೇರು ವಿನಿಮಯ ಕೇಂದ್ರದ ಪಕ್ಕದಲ್ಲಿ ಒಂದು ಪತ್ರಿಕೆಯ ಮುದ್ರಣಯಂತ್ರಗಳಿದ್ದವು. ಕಂಬಗಳನ್ನು ನೆಲಕ್ಕೆ ಬಡಿದು ಇಳಿಸಿದರೆ ಆ ಯಂತ್ರಗಳು ಅದುರುತ್ತಿದ್ದವು. ಆದ್ದರಿಂದ ಎಂಜಿನಿಯರ್ ವಿಲಿಯಂ ಸೂಯ್ ಸ್ಮಿತ್ ಅವರ ಸಲಹೆಯಂತೆ ಆ ಬದಿಯಲ್ಲಿ ಬಾವಿ ತೋಡಿದ ಹಾಗೆ ಕೈಯಿಂದಲೇ ಗುಂಡಿಗಳನ್ನು ತೋಡಿ, ಮರದ ಹಲಗೆ ಮತ್ತು ಕಬ್ಬಿಣದ ಬಳೆಗಳಿಂದ ಗೋಡೆಯನ್ನು ಹಿಡಿದು, ಮೆದು ಜೇಡಿಯ ಕೆಳಗಿನ ಗಟ್ಟಿ ಪದರ ಮುಟ್ಟಿದ ಮೇಲೆ ಕಾಂಕ್ರೀಟ್ ತುಂಬಲಾಯಿತು. ಮುಂದೆ ಷಿಕಾಗೊದ ದೊಡ್ಡ ಕಟ್ಟಡಗಳಿಗೆಲ್ಲ ಇದೇ ರೂಢಿಯಾಯಿತು. ಕಟ್ಟಡವನ್ನು 1972ರಲ್ಲಿ ಕೆಡವಿದರು. ಅದರ ವ್ಯವಹಾರ ಕೊಠಡಿಯನ್ನು ಷಿಕಾಗೊ ಕಲಾ ಸಂಗ್ರಹಾಲಯದಲ್ಲಿ ಮರಳಿ ಜೋಡಿಸಿದ್ದಾರೆ.

1893ರ ಆರ್ಥಿಕ ಕುಸಿತ ಈ ಪಾಲುದಾರಿಕೆಯನ್ನು ಮುರಿಯಿತು. ಆಡ್ಲರ್ 1895ರಲ್ಲಿ ಲಿಫ್ಟು ತಯಾರಿಸುವ ಕಂಪನಿಯೊಂದಕ್ಕೆ ಸೇರಿದರು, ತಿಂಗಳುಗಳಲ್ಲೇ ವೃತ್ತಿಗೆ ಮರಳಿದರೂ ಸಲಿವನ್ ಅವರೊಡನೆ ಮತ್ತೆ ಒಂದಾಗಲಿಲ್ಲ, 1900ರಲ್ಲಿ ನಿಧನರಾದರು. ಕಟ್ಟಿಸುವವರ ವಿಶ್ವಾಸವನ್ನು ಗಳಿಸುತ್ತಿದ್ದ ಜೊತೆಗಾರನಿಲ್ಲದೆ ಸಲಿವನ್ ಅವರಿಗೆ ದೊಡ್ಡ ಕೆಲಸಗಳು ವಿರಳವಾದವು. 1924ರಲ್ಲಿ ಷಿಕಾಗೊದ ಹೋಟೆಲೊಂದರ ಕೋಣೆಯಲ್ಲಿ ಬಡತನದಲ್ಲೇ ತೀರಿಕೊಂಡರು. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ 1944ರಲ್ಲಿ ಅವರಿಗೆ ಮರಣೋತ್ತರವಾಗಿ ಚಿನ್ನದ ಪದಕ ಕೊಟ್ಟಿತು. ಆ ಪದಕದ ಮೇಲೆ ಆಡ್ಲರ್ ಅವರ ಹೆಸರೂ ಇರಬೇಕಾಗಿತ್ತು.