ಮಗುವಿನ ಹಟದ ಹಿಂದಿನ ನಿದ್ದೆಗೇಡು

ಶ್ರಾವಣದಲ್ಲಿ ಶಿಡ್ಲಘಟ್ಟದ ಕಡೆಯ ತಾಯಿಯೊಬ್ಬರು ನಾಲ್ಕೂವರೆ ವರ್ಷದ ಮಗನನ್ನು ಚಿಕ್ಕಬಳ್ಳಾಪುರದ ನಮ್ಮ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ಒಂದು ಕಡೆ ಕೂರುವುದಿಲ್ಲ, ಪಕ್ಕದ ಮಕ್ಕಳಿಗೆ ಹೊಡೆಯುತ್ತಾನೆ, ನಿನ್ನೆ ಕಲಿಸಿದ ಅಕ್ಷರ ಇವತ್ತು ನೆನಪಿರುವುದಿಲ್ಲ ಎಂದು ಶಾಲೆಯವರು ಡೈರಿಯಲ್ಲಿ ಬರೆದಿದ್ದರು. ನಾವು ಮಾತನಾಡುತ್ತಿದ್ದಷ್ಟು ಹೊತ್ತೂ ತೂಕದ ಯಂತ್ರವನ್ನು ಹತ್ತಿ ಇಳಿಯುತ್ತಿದ್ದ ಹುಡುಗ, ಕೊನೆಗೆ ತಾಯಿಯ ಮಡಿಲಿಗೆ ಬಂದವನು ಸೆರಗು ಹಿಡಿದುಕೊಂಡೇ ನಿದ್ದೆಹೋದ. ಆಗಿನ್ನೂ ಬೆಳಿಗ್ಗೆ 11 ಗಂಟೆ.

“ರಾತ್ರಿ ಎಷ್ಟೊತ್ತಿಗೆ ಮಲಗ್ತಾನಮ್ಮ?” ಎಂದು ಕೇಳಿದೆ.

“ಅವರಪ್ಪ ಬೆಂಗಳೂರಿಂದ ಬರೋದೇ ಹತ್ತು ಗಂಟೆಗೆ ಡಾಕ್ಟ್ರೇ. ಅಪ್ಪನ ಮುಖ ನೋಡ್ದೆ ಮಲಗಲ್ಲ.”

ಊಟ, ಆಟ, ಮೊಬೈಲು ಮುಗಿದು ಮಲಗುವಾಗ 11.30, ಶಾಲೆಯ ವ್ಯಾನಿಗಾಗಿ ಎಬ್ಬಿಸುವುದು 6.30ಕ್ಕೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ 3ರಿಂದ 4 ವರ್ಷದ ಮಕ್ಕಳಿಗೆ, ಹಗಲಿನ ನಿದ್ದೆಯೂ ಸೇರಿ, ದಿನಕ್ಕೆ 10ರಿಂದ 13 ಗಂಟೆ ಬೇಕು. ಈ ಹುಡುಗನಿಗೆ ದಿನವೂ ಕನಿಷ್ಠ ಮೂರು ಗಂಟೆ ಕೊರತೆಯಾಗುತ್ತಿತ್ತು.

ನಿದ್ದೆಗೆಟ್ಟ ದೊಡ್ಡವರು ಆಕಳಿಸಿ ಮಂಕಾಗುತ್ತಾರೆ. ಪುಟ್ಟ ಮಕ್ಕಳು ಬಹಳ ಸಲ ಮತ್ತಷ್ಟು ಕುಣಿಯುತ್ತಾರೆ, ರಚ್ಚೆ ಹಿಡಿಯುತ್ತಾರೆ. ಆಸೆಯನ್ನು ತಡೆದುಕೊಳ್ಳುವ, ಒಂದು ಕೆಲಸದಲ್ಲಿ ಮನಸ್ಸು ನಿಲ್ಲಿಸುವ ಮಿದುಳಿನ ಮುಂಭಾಗ ಈ ವಯಸ್ಸಿನಲ್ಲಿ ಇನ್ನೂ ಬಲಿಯುತ್ತಿರುತ್ತದೆ, ನಿದ್ದೆ ಕಡಿಮೆಯಾದಾಗ ಅದರ ಹಿಡಿತವೂ ಸಡಿಲವಾಗುತ್ತದೆ. ಹಗಲು ಕಲಿತದ್ದು ಗಟ್ಟಿ ನೆನಪಾಗಿ ಉಳಿಯುವುದಕ್ಕೂ ನಿದ್ದೆಯೇ ಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಯಾವ ಚಿತ್ರ ಎಲ್ಲಿತ್ತೆಂಬುದು ಮಧ್ಯಾಹ್ನ ಮಲಗಿ ಎದ್ದ ದಿನ ಶಾಲಾಪೂರ್ವ ಮಕ್ಕಳಿಗೆ ಹೆಚ್ಚು ಚೆನ್ನಾಗಿ ನೆನಪಿತ್ತು. ಹಗಲು ನಿದ್ದೆಯ ರೂಢಿಯಿದ್ದ ಮಕ್ಕಳಲ್ಲಿ ಈ ವ್ಯತ್ಯಾಸ ಎದ್ದು ಕಂಡಿತು. ಅಂಗನವಾಡಿಯಲ್ಲಿ ಊಟದ ನಂತರ ಚಾಪೆ ಹಾಸಿ ಮಲಗಿಸುವುದನ್ನು ಕಾಲಹರಣವೆಂದು ಯಾರಾದರೂ ಹೇಳಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ರೇಷ್ಮೆ ಸಾಕುವ ನಮ್ಮ ಜನಕ್ಕೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ಮೇಯುವುದನ್ನು ನಿಲ್ಲಿಸಿ ಅಲುಗಾಡದೆ ಕೂತಾಗ, ಸೊಪ್ಪು ಹಾಕುವುದಿಲ್ಲ, ತಟ್ಟೆ ಅಲುಗಿಸುವುದಿಲ್ಲ. ಆ ಹೊತ್ತಿನಲ್ಲಿ ತೊಂದರೆಯಾದರೆ ಗೂಡು ಕೆಡುತ್ತದೆಂದು ಮನೆಯ ಅಜ್ಜಿಗೂ ಗೊತ್ತು. ಆದರೆ ನಾಲ್ಕನೇ ಜ್ವರ ಎದ್ದ ಹುಳುವಿಗೆ ಸೊಪ್ಪು ಹಾಕಲು ಮನೆಯವರೆಲ್ಲ ತಡರಾತ್ರಿಯವರೆಗೆ ಎದ್ದಿರುವಾಗ, ಅದೇ ಬೆಳಕಿನಲ್ಲಿ ಮಗುವೂ ಎಚ್ಚರವಾಗಿರುತ್ತದೆ.

ಗಂಟೆಗಳ ಲೆಕ್ಕ ಸರಿಯಿದ್ದೂ ನಿದ್ದೆ ಕೆಟ್ಟಿರಬಹುದು. “ಗೊರಕೆ ಹೊಡೆದು ಚೆನ್ನಾಗಿ ಮಲಗುತ್ತಾನೆ” ಎನ್ನುವವರಿದ್ದಾರೆ. ವಾರದಲ್ಲಿ ಹೆಚ್ಚಿನ ರಾತ್ರಿ ಗೊರಕೆ ಬರುತ್ತಿದ್ದು, ಮಗು ಬಾಯಿ ತೆರೆದು, ಕುತ್ತಿಗೆ ಹಿಂದಕ್ಕೆ ಚಾಚಿ ಮಲಗುತ್ತಿದ್ದರೆ ಮೂಗಿನ ಹಿಂಭಾಗದ ಅಡಿನಾಯ್ಡ್ ಅಥವಾ ಗಂಟಲಿನ ಟಾನ್ಸಿಲ್ ದಪ್ಪವಾಗಿ ಉಸಿರಿಗೆ ತಡೆಯಾಗಿರಬಹುದು. ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಲೇಬೇಕು. ರಾತ್ರಿಯಿಡೀ ಕಾಲು ಒದರುತ್ತಾ ಹೊರಳಾಡುವ ಮಗುವಿಗೆ ಕಬ್ಬಿಣಾಂಶ ಕಡಿಮೆಯಿದೆಯೇ ಎಂದು ರಕ್ತ ಪರೀಕ್ಷೆ ಮಾಡಿಸುತ್ತೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಲ್ಲಿ ಸುಮಾರು ಇಬ್ಬರಿಗೆ ರಕ್ತಹೀನತೆ ಕಂಡುಬಂದಿತ್ತು.

ಈ ಹುಡುಗನಿಗೆ ಅಂಥದ್ದೇನೂ ಇರಲಿಲ್ಲ. ಅಪ್ಪನ ಹೊತ್ತನ್ನು ರಾತ್ರಿಯಿಂದ ಬೆಳಿಗ್ಗೆಗೆ ತಂದೆವು: ಎಬ್ಬಿಸುವುದು, ಸ್ನಾನ ಮಾಡಿಸುವುದು, ವ್ಯಾನು ಹತ್ತಿಸುವುದು ಅಪ್ಪನದೇ. ಮಲಗುವ ಸಮಯವನ್ನು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಹಿಂದಕ್ಕೆ ಸರಿಸುತ್ತಾ 8.30ಕ್ಕೆ ತರಬೇಕು, ಅದಕ್ಕೆ ಒಂದು ಗಂಟೆ ಮೊದಲೇ ಮೊಬೈಲು, ಟಿವಿ ನಿಲ್ಲಿಸಬೇಕು, ಭಾನುವಾರವೂ ಅದೇ ಹೊತ್ತು ಎಂದು ಒಪ್ಪಂದವಾಯಿತು. ಮೊದಲ ವಾರ ಅಪ್ಪ ಬೇಕೆಂದು ಬಹಳ ಅತ್ತನಂತೆ. ದಸರಾ ರಜೆಗೆ ಮುಂಚೆ ಮತ್ತೆ ಬಂದಾಗ ಹೊಡೆದಾಟದ ದೂರು ನಿಂತಿತ್ತು. ಅಕ್ಷರಗಳಲ್ಲಿ ಇನ್ನೂ ಹಿಂದಿದ್ದಾನೆ, ಅದಕ್ಕಾಗಿ ಕಿವಿಯ ಪರೀಕ್ಷೆಗೆ ಬರೆದುಕೊಟ್ಟಿದ್ದೇನೆ. ಅಂದು ನಾವು ಮಾತು ಮುಗಿಸುವ ತನಕ ಅವನು ಮೂಲೆಯಲ್ಲಿ ಕೂತು ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ.